ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಆಡಿಯೋ ಸಿಸ್ಟಮ್‌ನಲ್ಲಿ ಸೇರಿಕೊಳ್ಳುವ ಕರೆಂಟಿನ ಗದ್ದಲದ ಬಗ್ಗೆ ಜನ ನನ್ನನ್ನು ಕೇಳುವ ಪ್ರಶ್ನೆಗಳು ಸುತ್ತಿ ಸುತ್ತಿ ಅವೇ. ಅವನ್ನು ಅವರವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ. ಲೆಕ್ಕಕ್ಕೆಲ್ಲ 50 ಹರ್ಟ್ಜ್ ಕರೆಂಟ್ ಅಂತ ಹಿಡಿದಿದ್ದೇನೆ. ನಿಮ್ಮಲ್ಲಿ 60 ಇದ್ದರೆ 50, 100 ಅಂದಲ್ಲೆಲ್ಲ 60, 120 ಅಂತ ಓದಿಕೊಳ್ಳಿ.

## ಮೊದಲು ತಿಳಿಯಬೇಕಾದದ್ದು

ಹಾಡು ನಿಲ್ಲಿಸಿದರೂ ಸ್ಪೀಕರ್‌ನಲ್ಲಿ ಸದ್ದು ಬರ್ತಾನೇ ಇರುತ್ತೆ. ಇದು ಮಾಮೂಲಾ?

ಎಷ್ಟು ಬರುತ್ತಿದೆ ಅನ್ನುವುದರ ಮೇಲೆ ಹೋಗುತ್ತದೆ. ಟ್ವೀಟರ್‌ಗೆ (ಕೀರಲು ಸದ್ದು ನುಡಿಸುವ ಪುಟ್ಟ ಸ್ಪೀಕರ್) ಕಿವಿ ಹಚ್ಚಿದಾಗ ಸಣ್ಣಗೆ 'ಸ್ಸ್' ಅಂತ ಕೇಳಿಸಿದರೆ ತಲೆ ಕೆಡಿಸಿಕೊಳ್ಳಬೇಡಿ, ಎಲ್ಲ ಆಂಪ್ಲಿಫೈಯರ್‌ಗಳಲ್ಲೂ ಅಷ್ಟು ಇರುತ್ತದೆ. ನೀವು ಕೂತು ಹಾಡು ಕೇಳುವ ಜಾಗಕ್ಕೇ ಗುಂಯ್ ಅಂತ ಕೇಳಿಸುತ್ತಿದ್ದರೆ ಅದು ದೋಷ. ಅಂಥದ್ದು ಹೆಚ್ಚಿನ ಸಲ ಸರಿಯಾಗುತ್ತದೆ, ಅದೂ ದೊಡ್ಡ ಖರ್ಚಿಲ್ಲದೆ.

ಗುಂಯ್, ಝರ್ರ್, ಟಪ್... ಎಲ್ಲಾ ಒಂದೇ ಕಾಯಿಲೆ ಅಲ್ವಾ?

ಅಲ್ಲ. ಸದ್ದು ಕೇಳಿಯೇ ಅರ್ಧ ಕಾಯಿಲೆ ಕಂಡುಹಿಡಿಯಬಹುದು.

ತುಂಬ ತಗ್ಗಿದ, ನುಣುಪಾದ ಗುಂಯ್ ಅಂದರೆ 50 ಹರ್ಟ್ಜ್. ಯಾವುದೋ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಸಿಗ್ನಲ್ ವೈರ್ ಇರಬಹುದು, ಇಲ್ಲವೇ ಗ್ರೌಂಡ್ ಲೂಪ್ (ಏನದು ಅಂತ ಮುಂದೆ ಹೇಳಿದ್ದೇನೆ) ಇರಬಹುದು. ಸ್ವಲ್ಪ ಒರಟಾಗಿ, ಜೇನುಗೂಡಿನ ಹಾಗೆ ಕೇಳಿಸಿದರೆ 100 ಹರ್ಟ್ಜ್ ಮತ್ತು ಅದರ ಮೇಲಿನವು ಸೇರಿಕೊಂಡಿವೆ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಪ್ರತಿ ಅರ್ಧ ಅಲೆಗೂ ಒಂದು ಸಲ ಕರೆಂಟ್ ಎಳೆಯುತ್ತದಲ್ಲ, ಅದಕ್ಕೇ ಎರಡರಷ್ಟು. ಝರ್ರ್ ಅಂತ ಚುಚ್ಚುವ ಸದ್ದು ಬಂದರೆ ಮೊದಲು ಲೈಟಿನ ಡಿಮ್ಮರ್ ನೋಡಿ. ಒಂದೇ ಸಲ ಟಪ್ ಅಂದರೆ ಮನೆಯಲ್ಲಿ ಏನೋ ಆನ್ ಅಥವಾ ಆಫ್ ಆಯಿತು. ಮೊಬೈಲ್ ರಿಂಗಾಗುವ ಒಂದು ಕ್ಷಣ ಮೊದಲು ಬರುವ 'ಟಿಟಿಟಿಟ್' ಕರೆಂಟಿನದಲ್ಲ. ಅದು 2ಜಿ ಫೋನ್ ಸೆಕೆಂಡಿಗೆ ಸುಮಾರು 217 ಸಲ ಬಿಟ್ಟು ಬಿಟ್ಟು ಸಿಗ್ನಲ್ ಕಳಿಸುವ ಸದ್ದು. ಫೋನನ್ನು ದೂರ ಇಡಿ, ಮುಗಿಯಿತು.

ನಮ್ಮನೆ ಕರೆಂಟೇ ಸರಿ ಇಲ್ಲ ಅನ್ಸುತ್ತೆ. ಒಳ್ಳೆ ಪವರ್ ಫಿಲ್ಟರ್ ತಂದರೆ ಮುಗೀತಾ?

ನಾನೂ ಹಾಗೇ ಅಂದುಕೊಂಡು ಒಂದು ಭಾರದ ಡಬ್ಬಿ ತಂದಿದ್ದೆ. ಮುಂದೆ ನೀಲಿ ದೀಪ, ಹಿಂದೆ ಆರು ಸಾಕೆಟ್. ಎಲ್ಲವನ್ನೂ ಅದಕ್ಕೆ ಚುಚ್ಚಿ, ಆನ್ ಮಾಡಿ, ಉಸಿರು ಬಿಗಿ ಹಿಡಿದು ಕೇಳಿದೆ. ಗುಂಯ್ ಕೂದಲೆಳೆಯಷ್ಟೂ ಕಮ್ಮಿಯಾಗಲಿಲ್ಲ. ಎರಡು ವಾರ ಆದ ಮೇಲೆ ಧೂಳು ಒರೆಸುವಾಗ ಟಿವಿಯ ಹಿಂದಿನ ಆಂಟೆನಾ ಕೇಬಲ್ ಕಳಚಿತು. ತಟ್ಟನೆ ಮೌನ. ಕೇಬಲ್ ಮತ್ತೆ ತಾಗಿಸಿದೆ, ಗುಂಯ್. ತೆಗೆದೆ, ಮೌನ. ಅಷ್ಟು ದಿನ ನಾನು ಬೈದಿದ್ದು ಗೋಡೆಯ ಸಾಕೆಟ್ಟನ್ನು!

ಅವತ್ತಿನಿಂದ ಎಲ್ಲರಿಗೂ ಹೇಳುವುದು ಇದೇ. ಕರೆಂಟಿನ ಗದ್ದಲ ಪವರ್ ವೈರ್ ಹಿಡಿದುಕೊಂಡು ಬರುವುದಕ್ಕಿಂತ ಸಿಗ್ನಲ್ ವೈರ್ ಹಿಡಿದುಕೊಂಡು ಬರುವುದೇ ಜಾಸ್ತಿ. ದಾರಿ ಗೊತ್ತಾಗುವ ತನಕ ಏನನ್ನೂ ಕೊಳ್ಳಬೇಡಿ.

ಗ್ರೌಂಡ್ ಲೂಪ್, ಗ್ರೌಂಡ್ ಲೂಪ್ ಅಂತಾರಲ್ಲ, ಹಾಗಂದ್ರೇನು?

ಎರಡು ಸಾಧನ ಇವೆ ಅಂದುಕೊಳ್ಳಿ, ಆಂಪ್ ಮತ್ತು ಕಂಪ್ಯೂಟರ್. ಎರಡಕ್ಕೂ ಮೂರು ಪಿನ್ ಪ್ಲಗ್, ಅಂದರೆ ಎರಡೂ ಗೋಡೆಯೊಳಗಿನ ಅರ್ಥಿಂಗ್ ವೈರಿಗೆ ಸೇರಿವೆ. ಈಗ ಎರಡರ ನಡುವೆ ಆರ್‌ಸಿಎ ಕೇಬಲ್ (ನಡುವೆ ಪಿನ್, ಹೊರಗೆ ಬಳೆ ಇರುವ ಮಾಮೂಲಿ ಆಡಿಯೋ ವೈರ್) ಹಾಕಿದಿರಿ. ಆ ಕೇಬಲಿನ ಹೊರಗಿನ ಶೀಲ್ಡ್, ಅಂದರೆ ಒಳವೈರನ್ನು ಸುತ್ತಿದ ಲೋಹದ ಹೊದಿಕೆ, ಕೂಡ ಎರಡರ ಅರ್ಥಿಂಗನ್ನು ಸೇರಿಸುತ್ತದೆ. ಗೋಡೆಯಲ್ಲಿ ಒಂದು ದಾರಿ, ಶೀಲ್ಡ್‌ನಲ್ಲಿ ಇನ್ನೊಂದು ದಾರಿ. ಉಂಗುರ ಆಯಿತು. ಆ ಉಂಗುರದಲ್ಲಿ ಮನೆಯ ಕರೆಂಟಿನ ಪ್ರಭಾವದಿಂದ ಸಣ್ಣ ಕರೆಂಟ್ ಹರಿಯುತ್ತದೆ.

ಸಣ್ಣದು ಅಂದರೆ ಎಷ್ಟು? ಶೀಲ್ಡ್‌ನ ರೆಸಿಸ್ಟೆನ್ಸ್ 0.1 ಓಮ್, ಅದರಲ್ಲಿ ಹರಿಯುವುದು 10 ಮಿಲಿಆಂಪಿಯರ್ ಅಂತ ಇಟ್ಟುಕೊಳ್ಳಿ. ಗುಣಿಸಿದರೆ 1 ಮಿಲಿವೋಲ್ಟ್. ಸಿಡಿ ಪ್ಲೇಯರ್ ಕೊಡುವ ಸಿಗ್ನಲ್ ಸುಮಾರು 2 ವೋಲ್ಟ್. ಅಂದರೆ ಗದ್ದಲ ಬರೀ 66 ಡೆಸಿಬೆಲ್ ಕೆಳಗಿದೆ. ಒಳ್ಳೆಯ ಆಂಪ್ 100 ಡೆಸಿಬೆಲ್ ತನಕ ಮೌನ ಕೊಡಬಲ್ಲದು, ಅಷ್ಟೂ ಈ ಒಂದು ಮಿಲಿವೋಲ್ಟ್‌ಗೆ ನೀರುಪಾಲು. ಆರ್‌ಸಿಎಯಲ್ಲಿ ಶೀಲ್ಡೇ ಸಿಗ್ನಲ್ ವಾಪಸ್ ಬರುವ ದಾರಿಯೂ ಆಗಿರುವುದರಿಂದ ಇದು ಹಾಡಿನ ಜೊತೆ ಸೀದಾ ಬೆರೆತುಬಿಡುತ್ತದೆ.

## ಎಲ್ಲಿಂದ ಬರ್ತಿದೆ ಅಂತ ಹುಡುಕುವುದು

ಹಿಂದುಗಡೆ ಹತ್ತು ವೈರ್ ಇವೆ. ಎಲ್ಲಿಂದ ಶುರು ಮಾಡ್ಲಿ?

ಎಲ್ಲವನ್ನೂ ಬಿಚ್ಚುವುದರಿಂದ. ವೈರ್ ತೆಗೆಯುವ, ಹಾಕುವ ಪ್ರತಿ ಸಲವೂ ಆಂಪ್ ಆಫ್ ಮಾಡಿ, ಇಲ್ಲದಿದ್ದರೆ ಸ್ಪೀಕರ್‌ಗೆ ದೊಡ್ಡ ಏಟು ಬೀಳುತ್ತದೆ.

ಆಂಪ್‌ಗೆ ಸ್ಪೀಕರ್ ಮಾತ್ರ ಉಳಿಸಿ, ಆನ್ ಮಾಡಿ ಕೇಳಿ. ಈಗಲೂ ಗುಂಯ್ ಇದ್ದರೆ ತೊಂದರೆ ಆಂಪ್‌ನಲ್ಲೇ ಇದೆ. ಮೌನವಾಗಿದ್ದರೆ ಒಂದೊಂದೇ ಸಾಧನ ಸೇರಿಸುತ್ತಾ ಬನ್ನಿ. ಯಾವುದನ್ನು ಸೇರಿಸಿದಾಗ ಗುಂಯ್ ಬಂತೋ ಅದರ ಹಿಂದೆ ಏನೇನು ತಗುಲಿದೆ ನೋಡಿ. ಟಿವಿ ಆಗಿದ್ದರೆ ಆಂಟೆನಾ ಅಥವಾ ಕೇಬಲ್ ತೆಗೆಯಿರಿ. ಕಂಪ್ಯೂಟರ್ ಆಗಿದ್ದರೆ ಮಾನಿಟರ್, ಪ್ರಿಂಟರ್, ನೆಟ್‌ವರ್ಕ್ ಕೇಬಲ್, ಒಂದೊಂದಾಗಿ. ಸಾಧನ ಆಫ್ ಆಗಿದ್ದರೂ ವೈರ್ ತಗುಲಿದ್ದರೆ ಲೂಪ್ ಇದ್ದೇ ಇರುತ್ತದೆ. ಬಹಳ ಜನ ಎಡವುವುದು ಇಲ್ಲೇ. 'ಟಿವಿ ಆಫ್ ಮಾಡಿದ್ದೆ, ಅದಲ್ಲ ಬಿಡಿ' ಅನ್ನುತ್ತಾರೆ.

ವಾಲ್ಯೂಮ್ ಸೊನ್ನೆ ಮಾಡಿದರೂ ಗುಂಯ್ ಹಾಗೇ ಇರುತ್ತೆ. ಇದರಿಂದ ಏನಾದ್ರೂ ಗೊತ್ತಾಗುತ್ತಾ?

ಬೇಕಾದಷ್ಟು. ವಾಲ್ಯೂಮ್ ಜೊತೆ ಸದ್ದು ಏರಿಳಿದರೆ ಅದು ವಾಲ್ಯೂಮ್ ಗುಂಡಿಗಿಂತ ಮೊದಲೇ ಸೇರಿಕೊಂಡಿದೆ, ಅಂದರೆ ಸೋರ್ಸ್ (ಹಾಡು ಕೊಡುವ ಸಾಧನ) ಕಡೆ. ಅಲುಗಾಡದೆ ಇದ್ದರೆ ಗುಂಡಿಯ ನಂತರ ಸೇರಿದೆ. ಪ್ರೀಆಂಪ್ (ವಾಲ್ಯೂಮ್ ಗುಂಡಿ ಇರುವ ಡಬ್ಬಿ) ಮತ್ತು ಪವರ್ ಆಂಪ್ (ಸ್ಪೀಕರ್ ಓಡಿಸುವ ಡಬ್ಬಿ) ಬೇರೆ ಬೇರೆ ಇದ್ದರೆ ಅವೆರಡರ ನಡುವಿನ ವೈರ್ ನೋಡಿ. ಒಂದೇ ಡಬ್ಬಿಯಾದರೆ ಆಂಪ್‌ನ ಪವರ್ ಸಪ್ಲೈ ಮೇಲೆ ಅನುಮಾನ ಪಡಿ.

ಹಗಲು ಸರಿ ಇರುತ್ತೆ, ಸಂಜೆ ಆದ ಮೇಲೆ ಮಾತ್ರ ಝರ್ರ್ ಶುರು. ಯಾರ ಕೆಲಸ ಇದು?

ಸಂಜೆ ಹಚ್ಚುವ ದೀಪದ್ದು. ಡಿಮ್ಮರ್ ಅಥವಾ ಯಾವುದೋ ಎಲ್‌ಇಡಿ ಬಲ್ಬಿನ ಒಳಗಿನ ಸರ್ಕ್ಯೂಟು. ಡಿಮ್ಮರ್ ಪ್ರತಿ ಅರ್ಧ ಅಲೆಯನ್ನೂ ನಡುವೆ ಕತ್ತರಿಸುತ್ತದೆ, ಸೆಕೆಂಡಿಗೆ 100 ಸಲ. ಬೆಳಕು ಅರ್ಧಕ್ಕಿಟ್ಟಾಗ ಕತ್ತರಿ ಸರಿಯಾಗಿ ಅಲೆಯ ತುದಿಯಲ್ಲಿ ಬೀಳುತ್ತದೆ, ಗದ್ದಲ ಅಲ್ಲೇ ಅತಿ ಜಾಸ್ತಿ.

ಹುಡುಕಲು ಹಳೆಯ ಬ್ಯಾಟರಿ ರೇಡಿಯೋ ಸಾಕು. ಮೀಡಿಯಂ ವೇವ್‌ಗೆ ಹಾಕಿ, ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಿರುಗಿಸಿ ಮನೆಯೆಲ್ಲ ಓಡಾಡಿ. ಗಲಾಟೆ ಮಾಡುವ ಚಾರ್ಜರ್, ಬಲ್ಬಿನ ಹತ್ತಿರ ಬಂದ ಕೂಡಲೇ ರೇಡಿಯೋ ಚೀರಿಕೊಳ್ಳುತ್ತದೆ. ಬಲ್ಬ್ ಆಫ್ ಮಾಡಿ ನೋಡಿ, ಸುಮ್ಮನಾದರೆ ಸಿಕ್ಕಿಬಿದ್ದ ಹಾಗೇ. ಇಷ್ಟು ಅಗ್ಗದ ಸಲಕರಣೆ ಇನ್ನೊಂದಿಲ್ಲ, ಮಕ್ಕಳಿಗೂ ಮಜಾ.

ಆಂಪ್‌ನ ಲೋಹದ ಮೈ ಸವರಿದರೆ ಜುಂ ಅನ್ನುತ್ತೆ. ಶಾಕ್ ಹೊಡೆಯುತ್ತಾ?

ಎರಡು ಸಾಧ್ಯತೆ ಇವೆ. ಎರಡು ಪಿನ್‌ನ ಸಾಧನಗಳಲ್ಲಿ, ಅದರಲ್ಲೂ ಚಾರ್ಜರ್ ಥರದ ಸ್ವಿಚಿಂಗ್ ಸಪ್ಲೈ ಇರುವವುಗಳಲ್ಲಿ, ಗದ್ದಲ ತಡೆಯಲು ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಒಂದು ಮಿಲಿಆಂಪಿಯರ್‌ಗಿಂತ ಕಮ್ಮಿ ಕರೆಂಟ್ ಲೋಹದ ಮೈಗೆ ಬರುತ್ತದೆ. ಬೆರಳಿನ ಹಿಂಬದಿಯಿಂದ ಸವರಿದಾಗ ಬಟ್ಟೆ ಉಜ್ಜಿದ ಹಾಗೆ ನಡುಗುವುದು ಅದೇ. ಇದು ಮಾಮೂಲು.

ಮೂರು ಪಿನ್‌ನ ಸಾಧನ ಜುಂ ಅಂದರೆ ಮಾತ್ರ ಆಟ ಬೇಡ. ನಿಮ್ಮ ಸಾಕೆಟ್‌ನಲ್ಲಿ ಅರ್ಥಿಂಗ್ ಕೆಲಸ ಮಾಡುತ್ತಿಲ್ಲ, ಅಥವಾ ಆಂಪ್ ಒಳಗೆ ಏನೋ ಮೈಗೆ ತಾಗುತ್ತಿದೆ. ಪ್ಲಗ್ ತೆಗೆದು ಎಲೆಕ್ಟ್ರಿಷಿಯನ್ ಕರೆಸಿ. ಹಾಡು ಆಮೇಲೆ.

## ಸರಿ ಮಾಡುವುದು

ಮೂರನೇ ಪಿನ್ ಬಿಡಿಸಿದರೆ ಗುಂಯ್ ಹೋಗುತ್ತೆ ಅಂದ್ರು. ಮಾಡ್ಲಾ?

ಮಾಡಬೇಡಿ. ಗುಂಯ್ ಹೋಗುವುದು ನಿಜ, ಯಾಕಂದರೆ ಲೂಪ್ ಕಡಿಯುತ್ತದೆ. ಆದರೆ ಜೊತೆಗೆ ನಿಮ್ಮನ್ನು ಕಾಯುವ ವೈರೂ ಕಡಿಯಿತು. ನಾಳೆ ಆಂಪ್ ಒಳಗೆ ಒಂದು ವೈರ್ ಸಡಿಲವಾಗಿ ಲೋಹದ ಮೈಗೆ ತಾಗಿತು ಅನ್ನಿ. ಅರ್ಥಿಂಗ್ ಇದ್ದರೆ ಫ್ಯೂಸ್ ಹಾರುತ್ತದೆ ಅಥವಾ ಬ್ರೇಕರ್ ಬೀಳುತ್ತದೆ. ಇಲ್ಲದಿದ್ದರೆ ಪೂರ್ತಿ ವೋಲ್ಟೇಜ್ ಡಬ್ಬಿಯ ಮೇಲೆ ಕೂತು ಯಾರ ಕೈ ತಾಗುತ್ತದೋ ಅಂತ ಕಾಯುತ್ತಿರುತ್ತದೆ. ಆರ್‌ಸಿಎ ಶೀಲ್ಡ್ ಮೂಲಕ ಪಕ್ಕದ ಸಾಧನಗಳಿಗೂ ಹೋಗುತ್ತದೆ. ಲೂಪ್ ಕಡಿಯಬೇಕಾದದ್ದು ಸಿಗ್ನಲ್ ಕಡೆ, ಅರ್ಥಿಂಗ್ ಕಡೆ ಅಲ್ಲವೇ ಅಲ್ಲ.

ಹಾಗಾದ್ರೆ ಸಿಗ್ನಲ್ ಕಡೆ ಹೇಗೆ ಕಡಿಯೋದು?

ಡಿಜಿಟಲ್ ಸಿಗ್ನಲ್ ಆದರೆ ಆಪ್ಟಿಕಲ್ ಕೇಬಲ್ ಹಾಕಿ. ಅದರಲ್ಲಿ ಹೋಗುವುದು ಬೆಳಕು, ತಾಮ್ರವೇ ಇಲ್ಲ, ಇನ್ನು ಲೂಪ್ ಎಲ್ಲಿಂದ ಬರಬೇಕು. ಟಿವಿಯಿಂದ ಆಂಪ್‌ಗೆ ನನ್ನ ಮೊದಲ ಸಲಹೆ ಇದೇ.

ಅನಲಾಗ್ ಆದರೆ ಆಡಿಯೋ ಐಸೋಲೇಷನ್ ಟ್ರಾನ್ಸ್‌ಫಾರ್ಮರ್. ಒಂದು ಕಡೆಯ ಸುರುಳಿಯಿಂದ ಇನ್ನೊಂದು ಕಡೆಗೆ ಸಿಗ್ನಲ್ ದಾಟುತ್ತದೆ, ಎರಡು ಗ್ರೌಂಡ್‌ಗಳು ಮಾತ್ರ ಸೇರುವುದಿಲ್ಲ. ತೀರಾ ಅಗ್ಗದ್ದು ತಂದರೆ ಅದರ ಪುಟ್ಟ ಕೋರ್ (ಸುರುಳಿಯೊಳಗಿನ ಲೋಹದ ತಿರುಳು) ಜೋರು ಬಾಸ್‌ಗೆ ತುಂಬಿಹೋಗಿ ಸದ್ದು ಒಡೆಯುತ್ತದೆ. 'ಐಸೋಲೇಟರ್ ಹಾಕಿದರೆ ಬಾಸ್ ಸಾಯುತ್ತೆ' ಅನ್ನುವ ಮಾತು ಹುಟ್ಟಿದ್ದು ಅಲ್ಲಿಂದ. ದೊಡ್ಡ ಕೋರಿನ ಒಳ್ಳೆಯದು ಹಾಗೆ ಮಾಡುವುದಿಲ್ಲ. ಅದನ್ನು ಆಂಪ್‌ನ ಹತ್ತಿರದ ತುದಿಯಲ್ಲಿಡಿ.

ಆಂಟೆನಾ ಕೇಬಲ್ ಕಳ್ಳನಾದರೆ ಆ ಕೇಬಲಿಗೇ ಅಂತ ಬರುವ ಐಸೋಲೇಟರ್ ಸಿಗುತ್ತದೆ. ನನ್ನ ಕಥೆ ಮುಗಿದಿದ್ದು ಬೆರಳಿನಷ್ಟು ಉದ್ದದ ಅಂಥದ್ದೊಂದರಿಂದ.

ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಬಾರದು ಅಂತಾರಲ್ಲ?

ಹೀಟರ್, ಇಸ್ತ್ರಿಪೆಟ್ಟಿಗೆಗೆ ಆ ಮಾತು ಸರಿ. ಆಡಿಯೋಗೆ ಉಲ್ಟಾ. ಎಲ್ಲ ಒಂದೇ ಕಡೆ ಇದ್ದರೆ ಅವುಗಳ ಅರ್ಥಿಂಗ್ ಬಿಂದುಗಳು ಪಕ್ಕಪಕ್ಕದಲ್ಲೇ ಸೇರುತ್ತವೆ. ಉಂಗುರ ಚಿಕ್ಕದಾಗುತ್ತದೆ, ಅದರೊಳಗಿನ ಕರೆಂಟೂ ಕಮ್ಮಿ. ಒಟ್ಟು ಲೋಡ್ ಬೋರ್ಡಿನ ಮೇಲೆ ಬರೆದ ಮಿತಿ ದಾಟದಿದ್ದರೆ ಸಾಕು. ಬಿಟ್ಟಿ ಉಪಾಯ, ಎಲ್ಲಕ್ಕಿಂತ ಮೊದಲು ಇದನ್ನೇ ಮಾಡಿ ನೋಡಿ.

ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ ತಕ್ಷಣ ಕಿರ್ ಅನ್ನುತ್ತೆ, ತೆಗೆದರೆ ಸ್ವಚ್ಛ. ಚಾರ್ಜರ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಚಾರ್ಜರ್‌ನ ಸ್ವಿಚಿಂಗ್ ಗದ್ದಲ ಲ್ಯಾಪ್‌ಟಾಪ್‌ಗೆ ಬಂದು, ಅಲ್ಲಿಂದ ಹೆಡ್‌ಫೋನ್ ಅಥವಾ ಯುಎಸ್‌ಬಿ ಕೇಬಲ್ ಹಿಡಿದು ಆಂಪ್‌ಗೆ ಹೋಗುತ್ತಿದೆ. ಮೌಸ್ ಅಲ್ಲಾಡಿಸಿದರೆ ಸದ್ದೂ ಬದಲಾಗುತ್ತಾ ನೋಡಿ, ಬದಲಾದರೆ ಅನುಮಾನವೇ ಬೇಡ. ಆಪ್ಟಿಕಲ್ ಔಟ್ ಇರುವ ಡ್ಯಾಕ್ (ಕಂಪ್ಯೂಟರಿಗೆ ತಗುಲಿಸುವ ಡಿಜಿಟಲ್ ಆಡಿಯೋ ಡಬ್ಬಿ), ಯುಎಸ್‌ಬಿ ಐಸೋಲೇಟರ್, ಇಲ್ಲವೇ ಮೇಲೆ ಹೇಳಿದ ಟ್ರಾನ್ಸ್‌ಫಾರ್ಮರ್, ಮೂರರಲ್ಲಿ ಒಂದು. ಕೇಳುವಾಗ ಬ್ಯಾಟರಿಯಲ್ಲೇ ಓಡಿಸಿದರೂ ಆಯಿತು.

ಸಬ್‌ವೂಫರ್ ಒಂದೇ ಗುಂಯ್ ಅನ್ನುತ್ತೆ, ಉಳಿದದ್ದೆಲ್ಲಾ ಸರಿ ಇದೆ.

ಅದು ಕೋಣೆಯ ಆಚೆ ಮೂಲೆಯಲ್ಲಿ, ಬೇರೆ ಸಾಕೆಟ್‌ನಲ್ಲಿ, ಉದ್ದ ಆರ್‌ಸಿಎ ಕೇಬಲಿನ ತುದಿಯಲ್ಲಿ ಕೂತಿದೆ ಅಲ್ವಾ? ಲೂಪ್‌ಗೆ ಇದಕ್ಕಿಂತ ಹೇಳಿ ಮಾಡಿಸಿದ ಜಾಗ ಇಲ್ಲ. ತಗ್ಗಿದ ಸದ್ದನ್ನೇ ನುಡಿಸುವುದು ಅದರ ಕೆಲಸವಾದ್ದರಿಂದ 50 ಹರ್ಟ್ಜ್ ಚೆನ್ನಾಗಿಯೇ ಕೇಳಿಸುತ್ತದೆ. ಅದರ ಪ್ಲಗ್ ಆಂಪ್ ಇರುವ ಬೋರ್ಡಿಗೆ ತಂದು ನೋಡಿ. ಆಗದಿದ್ದರೆ ಐಸೋಲೇಷನ್ ಟ್ರಾನ್ಸ್‌ಫಾರ್ಮರ್, ಬಾಸ್‌ಗೇ ಅಂತ ಮಾಡಿದ ದೊಡ್ಡದು.

ಟರ್ನ್‌ಟೇಬಲ್ ಹಾಕಿದರೆ ಮಾತ್ರ ಗುಂಯ್. ಬೇರೆ ಏನು ಹಾಕಿದರೂ ಇಲ್ಲ.

ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ಸೂಜಿ ಕೂರುವ ಪುಟ್ಟ ಭಾಗದ ಒಂದು ಬಗೆ) ಕೊಡುವುದು ಸುಮಾರು 5 ಮಿಲಿವೋಲ್ಟ್, ಸಿಡಿ ಪ್ಲೇಯರ್‌ನ 400ರಲ್ಲಿ ಒಂದು ಭಾಗ. ಸಾಲದು ಅಂತ ಫೋನೋ ಸರ್ಕ್ಯೂಟ್ (ಟರ್ನ್‌ಟೇಬಲ್ ಸಿಗ್ನಲ್ ಎತ್ತುವ ಭಾಗ) 50 ಹರ್ಟ್ಜನ್ನು 1000 ಹರ್ಟ್ಜ್‌ಗಿಂತ 17 ಡೆಸಿಬೆಲ್ ಜಾಸ್ತಿ ಎತ್ತುತ್ತದೆ, ರೆಕಾರ್ಡ್ ಕೊರೆಯುವಾಗ ಬಾಸ್ ತಗ್ಗಿಸಿರುತ್ತಾರೆ ಅಂತ. ಹಾಗಾಗಿ ಬೇರೆಲ್ಲೂ ಕೇಳದ ಗುಂಯ್ ಇಲ್ಲಿ ಕೇಳುತ್ತದೆ.

ಮೊದಲು ಆ ತೆಳ್ಳನೆಯ ಗ್ರೌಂಡ್ ವೈರ್ ಆಂಪ್‌ನ ಸ್ಕ್ರೂಗೆ ಬಿಗಿಯಾಗಿದೆಯಾ ನೋಡಿ. ಆಮೇಲೆ ಕಾರ್ಟ್ರಿಜ್‌ನ ಹಿಂದೆ ಬಗ್ಗಿ ನೋಡಿ. ನಾಲ್ಕು ಪುಟ್ಟ ಪಿನ್, ನಾಲ್ಕು ಬಣ್ಣದ ವೈರ್. ಬಿಳಿ, ಕೆಂಪು ಸಿಗ್ನಲ್‌ಗೆ, ನೀಲಿ, ಹಸಿರು ಅವುಗಳ ಗ್ರೌಂಡ್‌ಗೆ. ನೀಲಿ ಅಥವಾ ಹಸಿರು ಒಂದು ಕೂದಲಷ್ಟು ಸಡಿಲವಾದರೂ ಆ ಕಡೆಯ ಸ್ಪೀಕರ್ ಹೂಂಕರಿಸುತ್ತದೆ. ಆಂಪ್ ಆಫ್ ಮಾಡಿ ಚಿಮಟದಿಂದ ಮೆಲ್ಲಗೆ ಒತ್ತಿ. ಇನ್ನೊಂದು ಪರೀಕ್ಷೆ: ಆರ್ಮನ್ನು ರೆಕಾರ್ಡ್‌ನ ಮೇಲೆ, ತಾಗಿಸದೆ, ಒಳಗೆ ಹೊರಗೆ ಸರಿಸಿ. ಗುಂಯ್ ಏರಿಳಿದರೆ ಹತ್ತಿರದ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ ತಾಗುತ್ತಿದೆ. ಆಂಪನ್ನು ಟರ್ನ್‌ಟೇಬಲ್‌ನ ಕೆಳಗಿನಿಂದ ಎತ್ತಿ ದೂರ ಇಡಿ.

ವೈರ್‌ಗಳನ್ನು ಅಚ್ಚುಕಟ್ಟಾಗಿ ಒಟ್ಟಿಗೆ ಕಟ್ಟಿದ್ದೀನಿ. ತಪ್ಪಾ?

ಪವರ್ ವೈರ್ ಜೊತೆ ಸಿಗ್ನಲ್ ವೈರ್ ಕಟ್ಟಿದ್ದರೆ ತಪ್ಪು. ಒಂದು ಗೇಣು ದೂರ ಇರಲಿ. ದಾಟಲೇಬೇಕಾದರೆ ಅಡ್ಡಡ್ಡ, ನೇರ ಕೋನದಲ್ಲಿ ದಾಟಲಿ.

## ದುಡ್ಡು ಹಾಕುವ ಮುಂಚೆ

ಲೈನ್ ಫಿಲ್ಟರ್ ಪ್ರಯೋಜನವೇ ಇಲ್ಲ ಅಂತೀರಾ?

ಇದೆ, ಅದರ ಕೆಲಸಕ್ಕೆ. ಒಳಗೆ ಒಂದು ಚೋಕ್ (ತಂತಿ ಸುರುಳಿ), ಒಂದಷ್ಟು ಕೆಪಾಸಿಟರ್ ಇರುತ್ತವೆ. ಹತ್ತಾರು, ನೂರಾರು ಕಿಲೋಹರ್ಟ್ಜ್‌ನಿಂದ ಮೇಲಿನ ಗದ್ದಲವನ್ನು ತಡೆಯುತ್ತದೆ. ಡಿಮ್ಮರ್, ಚಾರ್ಜರ್, ಮೋಟಾರ್‌ಗಳ ಕಿರಿಕಿರಿಗೆ ಒಳ್ಳೆಯದು. 50 ಹರ್ಟ್ಜ್ ಗುಂಯ್‌ಗೆ ಏನೂ ಮಾಡದು. 50 ಹರ್ಟ್ಜನ್ನೇ ತಡೆದರೆ ಆಂಪ್ ಆನ್ ಆಗುವುದಾದರೂ ಹೇಗೆ! ಇನ್ನೊಂದು ಮಾತು, ಫಿಲ್ಟರ್ ಗದ್ದಲದ ಒಂದು ಪಾಲನ್ನು ಅರ್ಥಿಂಗ್ ವೈರಿಗೆ ತಳ್ಳುತ್ತದೆ. ಲೂಪ್ ಇರುವ ಮನೆಯಲ್ಲಿ ಫಿಲ್ಟರ್ ಹಾಕಿದ ಮೇಲೆ ಸದ್ದು ಜಾಸ್ತಿಯಾದರೆ ಆಶ್ಚರ್ಯ ಪಡಬೇಡಿ.

ಸರ್ಜ್ ಪ್ರೊಟೆಕ್ಟರ್ ಇದೆ, ಅದೇ ಸಾಕಲ್ವಾ?

ಅದು ಸಿಡಿಲು, ದಿಢೀರ್ ಏರುವ ವೋಲ್ಟೇಜಿಗೆ. ದಿನನಿತ್ಯದ ಗದ್ದಲ ಅದರ ಕಣ್ಣಿಗೇ ಬೀಳುವುದಿಲ್ಲ. ಒಳಗಿನ ವೇರಿಸ್ಟರ್ (ಏರಿದ ವೋಲ್ಟೇಜನ್ನು ತಾನು ತಡೆದುಕೊಳ್ಳುವ ಭಾಗ) ಏಟು ತಿಂದು ತಿಂದು ಸವೆಯುತ್ತದೆ ಅನ್ನುವುದು ನೆನಪಿರಲಿ.

ವೈರಿಗೆ ಹಾಕುವ ಕಪ್ಪು ಫೆರೈಟ್ ಕ್ಲಿಪ್ ಕೆಲಸ ಮಾಡುತ್ತಾ?

ಮೆಗಾಹರ್ಟ್ಜ್ ಲೆಕ್ಕದ ಗದ್ದಲಕ್ಕೆ ಮಾಡುತ್ತದೆ. ರೇಡಿಯೋ ಸ್ಟೇಷನ್ ಸಣ್ಣಗೆ ಸ್ಪೀಕರ್‌ನಲ್ಲಿ ಕೇಳಿಸಿದರೆ ಇದೇ ಮದ್ದು. ವೈರನ್ನು ಒಂದು ಸಲ ತೂರಿಸುವ ಬದಲು ಮೂರ್ನಾಲ್ಕು ಸುತ್ತು ಸುತ್ತಿ, ಪರಿಣಾಮ ಸುತ್ತಿನ ಸಂಖ್ಯೆಯ ವರ್ಗದ ಹಾಗೆ ಏರುತ್ತದೆ. ಗುಂಯ್‌ಗೆ ಇದು ಬರೀ ಒಡವೆ.

ದುಬಾರಿ ಪವರ್ ಕೇಬಲ್ ಹಾಕಿದರೆ ಹಿನ್ನೆಲೆ ಕಪ್ಪಗಾಗುತ್ತೆ, ಅಂದ್ರೆ ಪೂರ್ತಿ ಮೌನ ಆಗುತ್ತೆ ಅಂತಾರೆ?

ಗೋಡೆಯೊಳಗೆ ಹತ್ತಾರು ಮೀಟರ್ ಮಾಮೂಲಿ ತಾಮ್ರ ದಾಟಿ ಬಂದ ಕರೆಂಟ್ ಕೊನೆಯ ಒಂದೂವರೆ ಮೀಟರ್‌ನಲ್ಲಿ ಪುನೀತವಾಗುತ್ತಾ? ನನಗಂತೂ ಕೇಳಿಸಿಲ್ಲ. ಸಡಿಲ ಪ್ಲಗ್, ಸುಟ್ಟ ಸಾಕೆಟ್ ಬದಲಿಸಿ, ಅದು ಬೇರೆ ಮಾತು.

ಕರೆಂಟ್ ಹೋದಾಗ ಯುಪಿಎಸ್‌ನಲ್ಲಿ ಓಡಿಸಿದರೆ ಗಲಾಟೆ ಜಾಸ್ತಿ. ಯಾಕೆ?

ಅಗ್ಗದ ಯುಪಿಎಸ್, ಇನ್ವರ್ಟರ್‌ಗಳು ಬ್ಯಾಟರಿಯಲ್ಲಿದ್ದಾಗ ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುತ್ತವೆ. ಪ್ರತಿ ಮೆಟ್ಟಿಲಿನ ಚೂಪು ಅಂಚೂ ಗದ್ದಲವೇ. ಪ್ಯೂರ್ ಸೈನ್ ವೇವ್ ಅಂತ ಬರೆದಿರುವುದನ್ನೇ ತೆಗೆದುಕೊಳ್ಳಿ.

## ಸ್ವಲ್ಪ ಆಳಕ್ಕೆ

ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಹಾಕಿದರೆ ಎಲ್ಲಾ ಸಮಸ್ಯೆ ಹೋಗುತ್ತಾ?

ಬಹಳಷ್ಟು ಹೋಗುತ್ತದೆ. ಎಕ್ಸ್‌ಎಲ್‌ಆರ್ ಅಂದರೆ ಮೂರು ಪಿನ್‌ನ ಆಡಿಯೋ ಕನೆಕ್ಟರ್, ಪಿನ್ 1 ಶೀಲ್ಡ್‌ಗೆ, ಪಿನ್ 2 ಮತ್ತು 3 ಸಿಗ್ನಲ್‌ಗೆ. ಸಿಗ್ನಲ್ ಎರಡು ವೈರ್‌ಗಳಲ್ಲಿ ಬರುತ್ತದೆ, ಗದ್ದಲ ಎರಡರ ಮೇಲೂ ಸಮವಾಗಿ ಕೂರುತ್ತದೆ. ಆಂಪ್ ಒಂದರಿಂದ ಇನ್ನೊಂದನ್ನು ಕಳೆದಾಗ ಸಮ ಇದ್ದದ್ದು ಸೊನ್ನೆಯಾಗುತ್ತದೆ. ಆದರೆ ಕೆಲವು ಸಾಧನಗಳಲ್ಲಿ ಪಿನ್ 1ರ ಶೀಲ್ಡನ್ನು ಲೋಹದ ಮೈಗೆ ಸೇರಿಸುವ ಬದಲು ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಸೇರಿಸಿರುತ್ತಾರೆ. ಆಗ ಶೀಲ್ಡ್‌ನ ಕರೆಂಟ್ ಸೀದಾ ಒಳಮನೆಗೇ ನುಗ್ಗುತ್ತದೆ. ಆಡಿಯೋ ಎಂಜಿನಿಯರ್ ನೀಲ್ ಮನ್ಸಿ 1995ರಲ್ಲಿ ಬಿಡಿಸಿ ಹೇಳಿದ 'ಪಿನ್ 1 ಸಮಸ್ಯೆ' ಇದೇ.

ನಿಮ್ಮ ಸೋರ್ಸ್‌ನಲ್ಲಿ ಬರೀ ಆರ್‌ಸಿಎ ಇದ್ದು ಆಂಪ್‌ನಲ್ಲಿ ಎಕ್ಸ್‌ಎಲ್‌ಆರ್ ಇದ್ದರೂ ಅರ್ಧ ಲಾಭ ಪಡೆಯಬಹುದು. ಎರಡು ಒಳವೈರ್ ಮತ್ತು ಶೀಲ್ಡ್ ಇರುವ ಕೇಬಲ್ ತನ್ನಿ. ಆರ್‌ಸಿಎ ನಡುವಿನ ಪಿನ್‌ನಿಂದ ಎಕ್ಸ್‌ಎಲ್‌ಆರ್ ಪಿನ್ 2ಕ್ಕೆ, ಆರ್‌ಸಿಎ ಹೊರ ಬಳೆಯಿಂದ ಪಿನ್ 3ಕ್ಕೆ. ಶೀಲ್ಡ್ ಒಂದು ಕಡೆ ಪಿನ್ 1ಕ್ಕೆ, ಇನ್ನೊಂದು ಕಡೆ ಅದೇ ಹೊರ ಬಳೆಗೆ. ಈಗ ಲೂಪ್‌ನ ಕರೆಂಟ್ ಶೀಲ್ಡ್‌ನಲ್ಲಿ ಹರಿದರೂ ಸಿಗ್ನಲ್ ಜೊತೆ ಬೆರೆಯುವುದಿಲ್ಲ. ನನಗೆ ಗೊತ್ತಿರುವ ಅತಿ ಚೆಂದದ ಜುಗಾಡ್ ಇದು.

ಸ್ಪೀಕರ್ ಮೌನ, ಆಂಪ್ ಡಬ್ಬಿಯೇ ಗೊರಗೊರ ಅನ್ನುತ್ತೆ. ಅದೂ ಕೆಲವು ಸಲ ಮಾತ್ರ.

ಅದು ಟ್ರಾನ್ಸ್‌ಫಾರ್ಮರ್ ನಡುಗುವ ಸದ್ದು. ದುಂಡಗಿನ ಟೊರಾಯ್ಡ್ ಇದ್ದರೆ ಕರೆಂಟಿನಲ್ಲಿ ಸೇರಿದ ಸ್ವಲ್ಪ ಡಿಸಿಗೂ ಅದರ ಕೋರ್ ಒಂದು ಕಡೆಗೆ ತುಂಬಿಕೊಳ್ಳುತ್ತದೆ. ಕೆಲವು ಹೇರ್ ಡ್ರೈಯರ್‌ಗಳು ಕಮ್ಮಿ ಸೆಟ್ಟಿಂಗ್‌ನಲ್ಲಿ ಒಂದು ಡಯೋಡ್ ಹಾಕಿ ಅರ್ಧ ಅಲೆಯನ್ನಷ್ಟೇ ಎಳೆಯುತ್ತವೆ, ಡಿಸಿ ಹುಟ್ಟುವುದು ಹಾಗೆ. ಯಾರಾದರೂ ತಲೆ ಒಣಗಿಸುವಾಗಲೇ ಗೊರಗೊರ ಬರುತ್ತಾ ಗಮನಿಸಿ. ಡಿಸಿ ಬ್ಲಾಕರ್ ಅನ್ನುವ ಸರ್ಕ್ಯೂಟ್ ಇದೆ. ಅದು ಮೇನ್ಸ್ ವೋಲ್ಟೇಜಿನಲ್ಲಿ ಕೆಲಸ ಮಾಡುವಂಥದ್ದು, ತಿಳಿದವರಿಂದಲೇ ಮಾಡಿಸಿ.

ಫ್ರಿಜ್ ಆಫ್ ಆದಾಗಲೆಲ್ಲಾ ಟಪ್ ಅನ್ನುತ್ತೆ.

ಮೋಟಾರ್ ಕಡಿತವಾದ ಕ್ಷಣ ಸ್ವಿಚ್ಚಿನ ತುದಿಗಳ ನಡುವೆ ಕಿಡಿ ಹಾರುತ್ತದೆ. ಆ ಕಿಡಿಯೇ ಒಂದು ಪುಟ್ಟ ರೇಡಿಯೋ ಸ್ಟೇಷನ್. ಫ್ರಿಜ್ ಬೇರೆ ಸರ್ಕ್ಯೂಟ್‌ನಲ್ಲಿದ್ದರೆ ಸ್ವಲ್ಪ ವಾಸಿ. ಲೈನ್ ಫಿಲ್ಟರ್ ನಿಜವಾಗಿ ಉಪಯೋಗಕ್ಕೆ ಬರುವ ಜಾಗ ಇದು, ಅದೂ ಫ್ರಿಜ್‌ನ ಕಡೆ ಹಾಕಿದರೆ.

ಇಪ್ಪತ್ತು ವರ್ಷದ ಆಂಪ್, ಏನೂ ಸೇರಿಸದೆಯೂ ಗುಂಯ್ ಅನ್ನುತ್ತೆ.

100 ಹರ್ಟ್ಜ್ ಸದ್ದಾದರೆ ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್‌ಗಳು ಒಣಗಿರುವ ಸಾಧ್ಯತೆ ಜಾಸ್ತಿ. ನೀವೇ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅವುಗಳಲ್ಲಿ ಚಾರ್ಜ್ ಉಳಿದಿರುತ್ತದೆ. ರಿಪೇರಿಯವರಿಗೆ ಕೊಡಿ.

ಆಡಿಯೋಗೆ ಅಂತಲೇ ನೆಲದಲ್ಲಿ ಬೇರೆ ಅರ್ಥಿಂಗ್ ರಾಡ್ ಹಾಕಿಸ್ಲಾ?

ಬೇರೆ ಸರ್ಕ್ಯೂಟ್ ಎಳೆಸಿ, ಬೇಡ ಅನ್ನುವುದಿಲ್ಲ. ಆದರೆ ಅದರ ಅರ್ಥಿಂಗ್ ಮನೆಯ ಮುಖ್ಯ ಅರ್ಥಿಂಗ್‌ಗೇ ಸೇರಬೇಕು. ಮನೆಯ ಅರ್ಥಿಂಗ್‌ಗೆ ಸೇರದ ಒಂಟಿ ರಾಡ್ ಅಪಾಯ. ಹತ್ತಿರ ಸಿಡಿಲು ಬಡಿದಾಗ ಎರಡು ರಾಡ್‌ಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಏಳಬಹುದು, ಆ ವ್ಯತ್ಯಾಸ ಹಾದುಹೋಗುವುದು ನಿಮ್ಮ ಆಂಪ್ ಮೂಲಕವೇ. ಅಷ್ಟು ಮಾಡಿದರೂ ಗುಂಯ್ ಹೋಗುವುದಿಲ್ಲ ಅನ್ನುವುದು ಬೇರೆ. ಭೂಮಿ ಗದ್ದಲ ಕುಡಿಯುವ ಬಾವಿಯೇನಲ್ಲ, ವಿಮಾನದಲ್ಲಿ ರಾಡ್ ಇಲ್ಲದೆಯೂ ಆಡಿಯೋ ಸ್ವಚ್ಛವಾಗಿ ಕೇಳುತ್ತದಲ್ಲ.